ವಾಪಸ್ ಬರುವುದಕ್ಕೆ ಏನು ಖಾತರಿ?

ಫೆಬ್ರವರಿ ಬಂದು ಶಾಲೆಗಳ ವಾರ್ಷಿಕ ಪರೀಕ್ಷೆಯ ವೇಳಾಪಟ್ಟಿ ಹೊರಬಿದ್ದ ಕೂಡಲೇ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕೌಟುಂಬಿಕ ನ್ಯಾಯಾಲಯಗಳಿಗೆ ಒಂದು ಬಗೆಯ ಮಧ್ಯಂತರ ಅರ್ಜಿಗಳು ಬರತೊಡಗುತ್ತವೆ. ಬೇರೆಯಾಗಿ ಬದುಕುತ್ತಿರುವ ಗಂಡ ಹೆಂಡತಿಯರಲ್ಲಿ ಒಬ್ಬರು, ಬೇಸಿಗೆ ರಜೆಯಲ್ಲಿ ಮಗುವನ್ನು ಸಿಂಗಪುರಕ್ಕೋ ಲಂಡನ್ನಿಗೋ ಅಮೆರಿಕದಲ್ಲಿರುವ ಅಣ್ಣನ ಮನೆಗೋ ಕರೆದುಕೊಂಡು ಹೋಗಲು ಅನುಮತಿ ಕೊಡಬೇಕೆಂದು ಕೇಳುತ್ತಾರೆ. ಇನ್ನೊಬ್ಬರು ಕೂಡದೆಂದು ಆಕ್ಷೇಪಣೆ ಸಲ್ಲಿಸುತ್ತಾರೆ. ಆಕ್ಷೇಪಣೆಯ ಪುಟಗಳಲ್ಲಿ ಮಗುವಿನ ಆರೋಗ್ಯ, ಅಲ್ಲಿನ ಚಳಿ, ಖರ್ಚು, ಜೊತೆಗೆ ಬರಲಿರುವ ಬಂಧುಗಳ ನಡತೆ ಹೀಗೆ ಹಲವು ಸಂಗತಿಗಳಿದ್ದರೂ, ವಕೀಲರ ಕೊಠಡಿಯಲ್ಲಿ ಕುಳಿತು ಮಾತನಾಡುವಾಗ ಕೊನೆಗೆ ಉಳಿಯುವುದು ಒಂದೇ ಮಾತು: "ಹೋದವರು ವಾಪಸ್ ಬರ್ತಾರೆ ಅಂತ ಏನು ಖಾತರಿ, ಮೇಡಂ?"

ಈ ಮಾತನ್ನು ನಾನು ಎರಡೂ ಕಡೆಯಿಂದ ಕೇಳಿದ್ದೇನೆ, ಏಕೆಂದರೆ ಅನುಮತಿ ಕೋರುವವರ ಪರವಾಗಿಯೂ ಬೇಡವೆನ್ನುವವರ ಪರವಾಗಿಯೂ ವಕಾಲತ್ತು ಹಾಕಿದ್ದೇನೆ. ಹಾಗಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಭಯ ನಿಜವಾದದ್ದು. ಅದನ್ನು ಸೇಡು, ಹಠ, ಅಹಂಕಾರ ಎಂದು ತಳ್ಳಿಹಾಕುವುದು ತಪ್ಪು. ಹಾಗೆಂದು ಮಗುವಿನ ಪಾಸ್‌ಪೋರ್ಟನ್ನು ಹದಿನೆಂಟು ತುಂಬುವವರೆಗೆ ಬೀರುವಿನಲ್ಲಿಟ್ಟು ಬೀಗ ಹಾಕುವುದು ಆ ಭಯಕ್ಕೆ ಪರಿಹಾರವಾಗಲಾರದು. ಹಿಂತಿರುಗಿ ಬರುವುದನ್ನು ಖಚಿತಪಡಿಸುವ ಷರತ್ತುಗಳನ್ನು ಗಟ್ಟಿಯಾಗಿ ಬರೆಯುವ ಕೆಲಸವನ್ನು ವಕೀಲರಾದ ನಾವೂ ನ್ಯಾಯಾಲಯಗಳೂ ಶ್ರದ್ಧೆಯಿಂದ ಮಾಡದಿರುವುದರಿಂದ, ಮತ್ತು ಸರ್ಕಾರ ಇದಕ್ಕೊಂದು ಕಾನೂನು ತರದಿರುವುದರಿಂದ, ಎರಡು ವಾರದ ಪ್ರವಾಸವೂ ಜೀವಮಾನದ ವಿವಾದವಾಗುತ್ತಿದೆ.

ಎರಡು ವಾರದ ಪ್ರವಾಸವೇ ಬೇರೆ, ಮಗುವಿನೊಂದಿಗೆ ಹೊರದೇಶದಲ್ಲಿ ನೆಲೆಸುವುದೇ ಬೇರೆ. ಎರಡನೆಯದರಲ್ಲಿ ಮಗುವಿನ ಶಾಲೆ, ಭಾಷೆ, ಇನ್ನೊಬ್ಬ ಪಾಲಕರೊಂದಿಗಿನ ವಾರಾಂತ್ಯದ ಭೇಟಿ ಎಲ್ಲವೂ ಬದಲಾಗುವುದರಿಂದ ಅದಕ್ಕೆ ಪೂರ್ಣ ವಿಚಾರಣೆಯೇ ನಡೆಯಬೇಕು, ಸಾಕ್ಷ್ಯವೂ ಬೇಕು. ಮೊದಲನೆಯದಕ್ಕೆ ಅಷ್ಟೆಲ್ಲ ಅಗತ್ಯವಿಲ್ಲ. ಆದರೆ ನಮ್ಮ ಅರ್ಜಿಗಳಲ್ಲಿ ಇವೆರಡೂ ಬೆರೆತುಹೋಗುತ್ತವೆ. ಪ್ರವಾಸದ ಅರ್ಜಿಗೆ ಬರುವ ಆಕ್ಷೇಪಣೆ ಇಡೀ ದಾಂಪತ್ಯದ ಕಥೆಯನ್ನು ಮದುವೆಯ ದಿನದಿಂದ ಮತ್ತೆ ಹೇಳುತ್ತದೆ, ಅದಕ್ಕೆ ಮರುತ್ತರ ಅಷ್ಟೇ ಉದ್ದವಾಗಿ ಬರುತ್ತದೆ, ಇದನ್ನೆಲ್ಲ ಓದಿ ಮುಗಿಸುವಷ್ಟರಲ್ಲಿ ವಿಮಾನದ ತಾರೀಕು ದಾಟಿರುತ್ತದೆ.

ಕಾನೂನು ಏನು ಹೇಳುತ್ತದೆ ಎಂದು ನೋಡಿದರೆ, ಮೂಲದಲ್ಲಿರುವುದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಅದರ 26ನೇ ಕಲಂ ಪ್ರಕಾರ, ನ್ಯಾಯಾಲಯದಿಂದ ನೇಮಕಗೊಂಡ ಪಾಲಕರು ನ್ಯಾಯಾಲಯದ ಅನುಮತಿಯಿಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಒಯ್ಯುವಂತಿಲ್ಲ. ಹಡಗಿನಲ್ಲಿ ಪ್ರಯಾಣಿಸುತ್ತಿದ್ದ ಕಾಲದ ಈ ಕಲಮಿಗೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವುದಕ್ಕೂ ಸಿಂಗಪುರಕ್ಕೆ ಹೋಗುವುದಕ್ಕೂ ವ್ಯತ್ಯಾಸವಿಲ್ಲ. ನ್ಯಾಯಾಲಯದ ಅಧಿಕಾರವನ್ನು ತಪ್ಪಿಸುವಂತೆ ಮಗುವನ್ನು ಹೊರಗೊಯ್ದರೆ 44ನೇ ಕಲಂ ವಿಧಿಸುವ ದಂಡ ಹೆಚ್ಚೆಂದರೆ 1,000 ರೂಪಾಯಿ, ಅಥವಾ ಆರು ತಿಂಗಳವರೆಗಿನ ಸಿವಿಲ್ ಸೆರೆವಾಸ. ವಿದೇಶದಲ್ಲಿ ಕೆಲಸ, ಮನೆ, ಕಾಯಂ ವಾಸದ ಪರವಾನಗಿ ಇರುವವರನ್ನು ಸಾವಿರ ರೂಪಾಯಿಯ ದಂಡ ತಡೆಯುವುದಿಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನ್ಯಾಯಾಲಯದ ಆದೇಶವೇ ಇಲ್ಲದಿದ್ದಾಗ ಪರಿಸ್ಥಿತಿ ಇನ್ನೂ ಸಡಿಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ತಂದೆಯನ್ನು, ಅವನ ನಂತರ ತಾಯಿಯನ್ನು ಸ್ವಾಭಾವಿಕ ಪಾಲಕರೆಂದು ಕರೆಯಿತು. 1999ರಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನು ತಾಯಿಗೆ ಅನುಕೂಲವಾಗುವಂತೆ ಅರ್ಥೈಸಿತು. ಹೆತ್ತವರಲ್ಲೊಬ್ಬರು ತಮ್ಮದೇ ಮಗುವನ್ನು ಕರೆದುಕೊಂಡು ವಿಮಾನ ಹತ್ತಿದರೆ ಪೊಲೀಸ್ ಠಾಣೆಯಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ, "ಇದು ಫ್ಯಾಮಿಲಿ ಮ್ಯಾಟರ್, ಕೋರ್ಟಿಗೆ ಹೋಗಿ" ಎಂಬುದು. ನ್ಯಾಯಾಲಯದ ಆದೇಶದ ಮೇಲೆ ಹೊರಡಿಸಿದ ಲುಕ್‌ಔಟ್ ಸುತ್ತೋಲೆ ಇದ್ದರಷ್ಟೇ ವಲಸೆ ವಿಭಾಗದ ಅಧಿಕಾರಿ ತಡೆಯುತ್ತಾರೆ. ಇಂಗ್ಲೆಂಡಿನಲ್ಲಿ ಹೀಗಿಲ್ಲ. ಪಾಲಕತ್ವದ ಹೊಣೆಯಿರುವ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಮಗುವನ್ನು ದೇಶದ ಹೊರಗೆ ಒಯ್ಯುವುದು ಅಲ್ಲಿ 1984ರ ಕಾಯ್ದೆಯಡಿ ಅಪರಾಧ. ಆದರೆ ಮಗು ಯಾರೊಂದಿಗೆ ವಾಸಿಸಬೇಕೆಂದು ನ್ಯಾಯಾಲಯ ಆದೇಶಿಸಿದೆಯೋ ಅವರು ಒಂದು ತಿಂಗಳಿಗಿಂತ ಕಡಿಮೆ ಅವಧಿಗೆ ಯಾರ ಅನುಮತಿಯನ್ನೂ ಕೇಳದೆ ಹೋಗಿಬರಬಹುದು. ತಡೆಯೂ ಸ್ಪಷ್ಟ, ವಿನಾಯಿತಿಯೂ ಸ್ಪಷ್ಟ. ಆಸ್ಟ್ರೇಲಿಯಾದಲ್ಲಿ ವಿವಾದದಲ್ಲಿರುವ ಮಗುವಿನ ಹೆಸರನ್ನು ಫೆಡರಲ್ ಪೊಲೀಸರ ನಿಗಾಪಟ್ಟಿಗೆ ಸೇರಿಸುವ ವ್ಯವಸ್ಥೆಯಿದೆ. ನಮ್ಮಲ್ಲಿ ಇವೆರಡರಂಥ ಸ್ಪಷ್ಟತೆ ಇಲ್ಲದಿರುವುದರಿಂದ ಪ್ರತಿಯೊಂದೂ ಆಯಾ ನ್ಯಾಯಾಧೀಶರ ವಿವೇಚನೆಗೆ ಬಿದ್ದಿದೆ.

ಜಗಳ ಬಹಳ ಸಲ ಶುರುವಾಗುವುದು ಪಾಸ್‌ಪೋರ್ಟಿನಿಂದ. ಅಪ್ರಾಪ್ತ ಮಗುವಿನ ಪಾಸ್‌ಪೋರ್ಟಿಗೆ ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಅನೆಕ್ಸರ್ ಡಿ ಎಂಬ ಒಪ್ಪಿಗೆ ಪತ್ರ ಬೇಕು. ಒಬ್ಬರ ಒಪ್ಪಿಗೆ ಸಿಗದಿದ್ದರೆ ಕಾರಣ ತಿಳಿಸಿ ಇನ್ನೊಬ್ಬರು ಅನೆಕ್ಸರ್ ಸಿ ಕೊಡಬಹುದು. ಕಾಗದದ ಮೇಲೆ ದಾರಿಯಿದೆ. ಆದರೆ ಪಾಲನೆಯ ವ್ಯಾಜ್ಯ ನಡೆಯುತ್ತಿದ್ದರೆ ಪಾಸ್‌ಪೋರ್ಟ್ ಕಚೇರಿ ನ್ಯಾಯಾಲಯದ ಆದೇಶ ತನ್ನಿ ಎನ್ನುತ್ತದೆ. ಮಕ್ಕಳ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ ಐದೇ ವರ್ಷವಾದ್ದರಿಂದ, ಮೂರನೆಯ ವಯಸ್ಸಿನಲ್ಲಿ ಮಾಡಿಸಿದ್ದು ಎಂಟಕ್ಕೆ ಮುಗಿಯುತ್ತದೆ, ಮತ್ತೆ ಸಹಿಗಾಗಿ ಅಲೆದಾಟ. ಒಂದು ಸಹಿಯನ್ನು ಜೀವನಾಂಶದ ಮೊತ್ತ ಇಳಿಸಿಕೊಳ್ಳಲು, ಹಳೆಯ ಕ್ರಿಮಿನಲ್ ದೂರು ವಾಪಸ್ ಪಡೆಯುವಂತೆ ಮಾಡಲು ಬಳಸಿಕೊಂಡದ್ದನ್ನು ಹತ್ತಿರದಿಂದ ನೋಡಿದ್ದೇನೆ. ಅಲ್ಲಿ ಮಗುವಿನ ಕ್ಷೇಮದ ವಿಷಯವೇ ಇರಲಿಲ್ಲ, ಹಣದ ಚೌಕಾಸಿ ಇತ್ತು. ಇಂಥ ಸಂದರ್ಭದಲ್ಲಿ ನ್ಯಾಯಾಲಯಗಳು ಸಹಿಗಾಗಿ ಕಾಯದೆ ಪಾಸ್‌ಪೋರ್ಟ್ ನೀಡಲು ನಿರ್ದೇಶಿಸಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಪಾಸ್‌ಪೋರ್ಟ್ ಇದ್ದ ಮಾತ್ರಕ್ಕೆ ಯಾರೂ ಹೊರಡುವುದಿಲ್ಲ. ಅದು ನ್ಯಾಯಾಲಯದ ರಿಜಿಸ್ಟ್ರಾರ್ ಬಳಿಯೇ ಇರಲಿ.

ಇನ್ನು ಭಯದ ಮಾತು. ಒಮ್ಮೆ ನನ್ನ ಕಕ್ಷಿದಾರರಾಗಿದ್ದ ಒಬ್ಬ ತಂದೆ ಹೇಳಿದ್ದರು: "ಮೇಡಂ, ನಾನು ಮಗಳನ್ನ ತಡೀತಾ ಇಲ್ಲ. ನಾಳೆ ಅವಳನ್ನ ಅಲ್ಲೇ ಸ್ಕೂಲಿಗೆ ಸೇರಿಸಿಬಿಟ್ರೆ ನಾನು ಯಾರ ಹತ್ರ ಹೋಗಿ ಕೇಳಲಿ?" ಅವರ ಪ್ರಶ್ನೆಗೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಒಂದು ಉತ್ತರವಿದೆ, ಆದರೆ ಅದು ನಮಗೆ ದಕ್ಕುವುದಿಲ್ಲ. ಮಕ್ಕಳ ಅಪಹರಣದ ಸಿವಿಲ್ ಅಂಶಗಳನ್ನು ಕುರಿತ ಹೇಗ್ ಒಪ್ಪಂದ 1980ರಲ್ಲಿ ರೂಪುಗೊಂಡು 1983ರಲ್ಲಿ ಜಾರಿಗೆ ಬಂತು. ಹದಿನಾರು ತುಂಬದ ಮಗುವನ್ನು ಅದು ನೆಲೆಸಿದ್ದ ದೇಶದಿಂದ ಅಕ್ರಮವಾಗಿ ಒಯ್ದರೆ ಅಥವಾ ಹೊರಗೇ ಉಳಿಸಿಕೊಂಡರೆ, ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಿದಲ್ಲಿ ಮಗುವನ್ನು ತಡಮಾಡದೆ ಹಿಂದಕ್ಕೆ ಕಳುಹಿಸಬೇಕು ಎಂಬುದು ಅದರ ತಿರುಳು. ಮಗು ಯಾರ ಬಳಿ ಇರಬೇಕೆಂಬ ತೀರ್ಮಾನವನ್ನು ಮಗು ನೆಲೆಸಿದ್ದ ದೇಶದ ನ್ಯಾಯಾಲಯಕ್ಕೇ ಅದು ಬಿಡುತ್ತದೆ. ನೂರಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ನೆರೆಯ ಶ್ರೀಲಂಕಾ, ಪಾಕಿಸ್ತಾನಗಳೂ ಸೇರಿವೆ. ಭಾರತ ಸೇರಿಲ್ಲ. ಮಂಗಳೂರು, ಉಡುಪಿಯ ಎಷ್ಟೋ ಕುಟುಂಬಗಳಿಗೆ ಎರಡನೆಯ ಮನೆಯಂತಿರುವ ಯುಎಇ ಕೂಡ ಸೇರಿಲ್ಲ. ಒಪ್ಪಂದ ನಡೆಯುವುದು ಸದಸ್ಯ ದೇಶಗಳ ನಡುವೆ ಮಾತ್ರವಾದ್ದರಿಂದ, ಬೆಂಗಳೂರಿನಿಂದ ಲಂಡನ್ನಿಗೆ ಒಯ್ದ ಮಗುವಿನ ತಂದೆಯೋ ತಾಯಿಯೋ ಅಲ್ಲಿನ ವಕೀಲರನ್ನು ಹಿಡಿದು, ಅಲ್ಲಿನ ಶುಲ್ಕ ಕೊಟ್ಟು, ಅಲ್ಲಿನ ನ್ಯಾಯಾಲಯದಲ್ಲಿ ಮೊದಲಿನಿಂದ ಹೋರಾಡಬೇಕು.

ಷರತ್ತು ಬರೆದರೂ ಕೈಕೊಡಬಹುದು ಎಂಬುದಕ್ಕೆ ಸುಪ್ರೀಂ ಕೋರ್ಟಿನ ಒಂದು ಪ್ರಕರಣವೇ ಸಾಕ್ಷಿ. 2020ರಲ್ಲಿ ಅದು ಒಬ್ಬ ಬಾಲಕನನ್ನು ಕೀನ್ಯಾಕ್ಕೆ ಕರೆದೊಯ್ಯಲು ತಂದೆಗೆ ಒಪ್ಪಿಗೆ ನೀಡುವಾಗ, ಭಾರತದ ಆದೇಶವನ್ನೇ ಯಥಾವತ್ತಾಗಿ ಅಲ್ಲಿನ ನ್ಯಾಯಾಲಯದಿಂದಲೂ ಪಡೆದುಕೊಂಡು ಬರಬೇಕೆಂದು, ಅಂದರೆ ಮಿರರ್ ಆರ್ಡರ್ ತರಬೇಕೆಂದು ಷರತ್ತು ಹಾಕಿತು. ಮುಂದೆ ಆ ಷರತ್ತಿನ ವಿಷಯದಲ್ಲೇ ವಂಚನೆ ನಡೆದಿದೆ ಎಂದು ಕಂಡುಬಂದು, 2021ರಲ್ಲಿ ನ್ಯಾಯಾಲಯ ತನ್ನ ಆದೇಶವನ್ನೇ ಹಿಂಪಡೆಯಿತು, 2022ರಲ್ಲಿ ನ್ಯಾಯಾಂಗ ನಿಂದನೆಗಾಗಿ ತಂದೆಗೆ ಶಿಕ್ಷೆ ವಿಧಿಸಿತು. ದೇಶದ ಅತ್ಯುನ್ನತ ನ್ಯಾಯಾಲಯದ ಕೈಗೇ ಎಟುಕದಂತೆ ಮಗುವನ್ನು ದೂರವಿರಿಸಲು ಸಾಧ್ಯವಾಯಿತೆಂದ ಮೇಲೆ, ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲ ಮೇಲೆ ನಿಂತ ತಾಯಿಯ ಆತಂಕವನ್ನು ಅತಿರೇಕವೆಂದು ಹೇಗೆ ಕರೆಯುವುದು?

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ, ಅದನ್ನು ನಮ್ಮಲ್ಲಿ ಯಾರೂ ಹೆಚ್ಚು ಮಾತನಾಡುವುದಿಲ್ಲ. ಭಾರತ ಹೇಗ್ ಒಪ್ಪಂದದ ಹೊರಗಿರುವುದರಿಂದ, ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದ ನ್ಯಾಯಾಲಯಗಳಲ್ಲಿ ಬೇರೆಯಾದ ಭಾರತೀಯ ದಂಪತಿಗಳ ಮಗುವನ್ನು ಭಾರತಕ್ಕೆ ಕಳುಹಿಸುವ ಪ್ರಶ್ನೆ ಬಂದಾಗ ನಮ್ಮ ಅಪ್ಪಂದಿರು ಅಮ್ಮಂದಿರು ಇಲ್ಲಿ ಕೇಳುವ ಅದೇ ಪ್ರಶ್ನೆ ಅಲ್ಲಿಯೂ ಏಳುತ್ತದೆ: ವಾಪಸ್ ಬರುವುದಕ್ಕೆ ಏನು ಖಾತರಿ? ಭಾರತಕ್ಕೆ ಹೋದ ಮಗುವನ್ನು ಮರಳಿ ತರಿಸಿಕೊಳ್ಳುವ ನೇರ ದಾರಿ ಇಲ್ಲವೆಂಬುದೇ ಅನುಮತಿ ನಿರಾಕರಿಸಲು ಬಲವಾದ ಕಾರಣವಾಗುತ್ತದೆ. ಅಮೆರಿಕದ ವಿದೇಶಾಂಗ ಇಲಾಖೆ 2014ರ ಕಾಯ್ದೆಯೊಂದರಡಿ ಹೊರಡಿಸುವ ವಾರ್ಷಿಕ ವರದಿಗಳಲ್ಲಿ ಭಾರತವನ್ನು ಸಹಕರಿಸದ ದೇಶಗಳ ಸಾಲಿನಲ್ಲಿ ಮತ್ತೆ ಮತ್ತೆ ಹೆಸರಿಸಿದೆ. ಅಲ್ಲಿನ ವಕೀಲರು ಆ ಪುಟಗಳನ್ನು ನ್ಯಾಯಾಧೀಶರ ಮುಂದಿಡುತ್ತಾರೆ. ಇದರ ನಷ್ಟ ಬೀಳುವುದು ಧಾರವಾಡದಲ್ಲೋ ಹಾಸನದಲ್ಲೋ ಇರುವ ಅಜ್ಜ ಅಜ್ಜಿಯರ ಮೇಲೆ. ಮಗನ ಅಥವಾ ಮಗಳ ದಾಂಪತ್ಯ ನ್ಯೂಜೆರ್ಸಿಯಲ್ಲಿ ಮುರಿದದ್ದಕ್ಕೆ ಮೊಮ್ಮಗುವನ್ನು ಫೋನಿನ ಪರದೆಯ ಮೇಲೆ ಮಾತ್ರ ನೋಡಬೇಕಾದ ಸ್ಥಿತಿ ಅವರದು. ಮಗುವಿಗಂತೂ ಅಜ್ಜನ ಮನೆಯ ಭಾಷೆಯೇ ಕೈತಪ್ಪಿಹೋಗುತ್ತದೆ.

ಹಾಗೆಂದು ಮಗುವಿನೊಂದಿಗೆ ಭಾರತಕ್ಕೆ ಬಂದವರಲ್ಲಿ ಕೆಲವರು ನಿಜವಾಗಿಯೂ ಹಿಂತಿರುಗುವುದಿಲ್ಲ. ಕರ್ನಾಟಕದ್ದೇ ಒಂದು ಪ್ರಕರಣ: 2011ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಅಲ್ಲಿನ ಪೌರತ್ವವನ್ನೇ ಹೊಂದಿದ್ದ ಬಾಲಕನನ್ನು ತಾಯಿ 2020ರ ಮಾರ್ಚಿನಲ್ಲಿ ಬೆಂಗಳೂರಿಗೆ ಕರೆತಂದರು. ಮಗನನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕೆಂದು ಕೋರಿ ತಂದೆ ಕರ್ನಾಟಕ ಹೈಕೋರ್ಟಿನಲ್ಲಿ ಸಲ್ಲಿಸಿದ ಹೇಬಿಯಸ್ ಕಾರ್ಪಸ್ ಅರ್ಜಿ ಫಲಿಸಲಿಲ್ಲ. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹುಡುಗ ಅಮೆರಿಕಕ್ಕೆ ಮರಳುವುದೇ ಅವನ ಹಿತವೆಂದು ತೀರ್ಪಿತ್ತಿತು. ಮಗುವಿನ ಇಷ್ಟವೇನೆಂಬುದನ್ನು ಅದರೊಂದಿಗೆ ಮಾತನಾಡಿ ತಿಳಿಯಬಹುದು, ಹಿತವೇನೆಂಬುದನ್ನು ಮಾತ್ರ ಎಲ್ಲ ಸಂದರ್ಭಗಳನ್ನೂ ತೂಗಿ ನ್ಯಾಯಾಲಯವೇ ನಿರ್ಧರಿಸಬೇಕು ಎಂದು ಅದು ಇವೆರಡನ್ನೂ ಬಿಡಿಸಿ ಹೇಳಿತು. ಅಷ್ಟರಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಕಳೆದಿತ್ತು. ಹೇಗ್ ಒಪ್ಪಂದದಲ್ಲಿ ಇಂಥ ಅರ್ಜಿ ಆರು ವಾರದಲ್ಲಿ ಇತ್ಯರ್ಥವಾಗದಿದ್ದರೆ ವಿಳಂಬಕ್ಕೆ ಕಾರಣ ಕೇಳುವ ಅವಕಾಶವಿದೆ. ಹುಡುಗನೊಬ್ಬನ ಹತ್ತನೆಯ, ಹನ್ನೊಂದನೆಯ ವರ್ಷಗಳು ಎಂದರೆ ಸಣ್ಣ ಅವಧಿಯಲ್ಲ. ಆ ವಯಸ್ಸಿನಲ್ಲಿ ಶಾಲೆ ಬದಲಾದರೆ ಗೆಳೆಯರೇ ಬದಲಾಗುತ್ತಾರೆ.

ಸುಪ್ರೀಂ ಕೋರ್ಟಿನ ನಿಲುವು ಈ ವಿಷಯದಲ್ಲಿ ಒಂದೇ ದಿಕ್ಕಿನಲ್ಲಿ ಸಾಗಿಲ್ಲ. 1984ರಲ್ಲಿ, 1986ರಲ್ಲಿ ಅದು ಮಗು ನೆಲೆಸಿದ್ದ ದೇಶದ ನ್ಯಾಯಾಲಯಕ್ಕೆ ಹೆಚ್ಚಿನ ಗೌರವ ನೀಡಿತು. 1997ರಲ್ಲಿ ಮಗುವಿನ ಹಿತವನ್ನೇ ಮುಂದಿಟ್ಟಿತು. 2015ರಲ್ಲಿ ಯಾವ ದೇಶದ ನ್ಯಾಯಾಲಯ ಮೊದಲು ಪರಿಣಾಮಕಾರಿ ಆದೇಶ ನೀಡಿದೆಯೋ ಅದಕ್ಕೆ ಪ್ರಾಶಸ್ತ್ಯವೆಂದಿತು, 2017ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಒಪ್ಪದೆ, ವಿದೇಶದ ಆದೇಶವೂ ಪರಿಗಣಿಸಬೇಕಾದ ಅಂಶಗಳಲ್ಲಿ ಒಂದಷ್ಟೇ ಎಂದಿತು. ಹಿತವೇ ಪರಮವೆಂಬ ಈ ಮಾತನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ತೊಂದರೆ ಏನೆಂದರೆ, ಇಂಥ ಪ್ರಕರಣದಲ್ಲಿ ಏನಾಗಬಹುದೆಂದು ಕಕ್ಷಿದಾರರಿಗೆ ಮುಂಚಿತವಾಗಿ ಹೇಳಲು ಯಾವ ವಕೀಲರಿಗೂ ಆಗುವುದಿಲ್ಲ. ಏನಾಗುತ್ತದೋ ತಿಳಿಯದ ಜಾಗದಲ್ಲಿ ಮನುಷ್ಯ ಬೇಡವೆಂದೇ ಹೇಳುತ್ತಾನೆ.

ಹಾಗಾದರೆ ಭಾರತ ಒಪ್ಪಂದಕ್ಕೆ ಸಹಿ ಹಾಕಿಬಿಡಬೇಕೇ? 2009ರಲ್ಲಿ ಕಾನೂನು ಆಯೋಗ ತನ್ನ 218ನೇ ವರದಿಯಲ್ಲಿ ಸೇರಬೇಕೆಂದೇ ಶಿಫಾರಸು ಮಾಡಿತು. 2016ರ 263ನೇ ವರದಿಯಲ್ಲಿ ಅದಕ್ಕೆ ತಕ್ಕ ಮಸೂದೆಯೊಂದನ್ನು ಪರಿಶೀಲಿಸಿತು. ಆದರೆ ಗಂಡನ ಹೊಡೆತ ತಾಳಲಾರದೆ, ವೀಸಾ ಕೂಡ ಅವನ ಹೆಸರಿಗೇ ಅಂಟಿಕೊಂಡಿರುವಾಗ, ಮಗುವನ್ನೆತ್ತಿಕೊಂಡು ತವರಿಗೆ ಓಡಿಬಂದ ಹೆಣ್ಣುಮಗಳ ಗತಿಯೇನು ಎಂಬ ಪ್ರಶ್ನೆ ಆಗ ಎದ್ದಿತು, ಏಳಬೇಕಾದದ್ದೇ. ಒಪ್ಪಂದ ರೂಪುಗೊಂಡಾಗ ಮಗುವನ್ನು ಒಯ್ಯುವವರು ಹೆಚ್ಚಾಗಿ ತಂದೆಯರೆಂಬ ಎಣಿಕೆ ಇತ್ತು. ಈಗ ಅಂಥ ಅರ್ಜಿಗಳಲ್ಲಿ ಹೆಚ್ಚಿನವು ತಾಯಂದಿರ ವಿರುದ್ಧವೇ ಬರುತ್ತವೆ. ಮಗುವಿಗೆ ಗಂಭೀರ ಅಪಾಯವಿದ್ದರೆ ಕಳುಹಿಸಬೇಕಿಲ್ಲ ಎಂಬ ವಿನಾಯಿತಿ 13ನೇ ವಿಧಿಯಲ್ಲಿದ್ದರೂ, ತಾಯಿಯ ಮೇಲಿನ ಹಿಂಸೆಯನ್ನು ಅದು ಹೆಸರಿಸಿ ಹೇಳುವುದಿಲ್ಲ. ಈ ಆತಂಕವನ್ನು ಪರಿಶೀಲಿಸಿದ ನ್ಯಾಯಮೂರ್ತಿ ರಾಜೇಶ್ ಬಿಂದಲ್ ಸಮಿತಿ 2018ರಲ್ಲಿ ವರದಿ ಸಲ್ಲಿಸಿ, ದೇಶಾಂತರ ವಿವಾದಗಳಿಗಾಗಿಯೇ ಒಂದು ಪ್ರಾಧಿಕಾರವನ್ನು ಸ್ಥಾಪಿಸುವ ಸಲಹೆ ನೀಡಿತು. ನನ್ನ ಮಟ್ಟಿಗೆ ಆ ದಾರಿ ಸರಿ. ಕೌಟುಂಬಿಕ ಹಿಂಸೆಯನ್ನು ಸ್ಪಷ್ಟ ವಿನಾಯಿತಿಯಾಗಿ ಬರೆದ, ತೀರ್ಮಾನಕ್ಕೆ ಕಾಲಮಿತಿಯಿರುವ ನಮ್ಮದೇ ಕಾನೂನು ಮೊದಲು ಬರಲಿ, ಒಪ್ಪಂದದ ಮಾತು ಆಮೇಲೆ ಬರಲಿ.

ಕಾನೂನು ಬರುವವರೆಗೆ ಇರುವ ಸಾಧನ ಎಂದರೆ ಆದೇಶದ ಒಕ್ಕಣೆ. ಒಳ್ಳೆಯ ಆದೇಶದಲ್ಲಿ ಹೋಗುವ ಮತ್ತು ಬರುವ ವಿಮಾನದ ಸಂಖ್ಯೆ, ಉಳಿಯುವ ಮನೆಯ ವಿಳಾಸ, ಅಲ್ಲಿನ ಬಂಧುಗಳ ಫೋನ್ ಸಂಖ್ಯೆ ಇರುತ್ತವೆ. ಮಗುವನ್ನು ಅಲ್ಲಿ ಶಾಲೆಗೆ ಸೇರಿಸುವುದಿಲ್ಲ, ವಾಸದ ಪರವಾನಗಿಗೆ ಅರ್ಜಿ ಹಾಕುವುದಿಲ್ಲ, ಅಲ್ಲಿನ ನ್ಯಾಯಾಲಯದಲ್ಲಿ ದಾವೆ ಹೂಡುವುದಿಲ್ಲ ಎಂಬ ಮುಚ್ಚಳಿಕೆ ಇರುತ್ತದೆ. ಕರೆದೊಯ್ಯುವವರು ನ್ಯಾಯಾಲಯದಲ್ಲಿ ಇಡಬೇಕಾದ ಠೇವಣಿಯ ಮೊತ್ತ ಹೆದರಿಸುವುದಕ್ಕಾಗಿ ನಿಗದಿಪಡಿಸಿದ್ದಾಗಿರಬಾರದು. ಮಗು ಬಾರದೇ ಹೋದರೆ ಇನ್ನೊಬ್ಬರು ವಿದೇಶದಲ್ಲಿ ವಕೀಲರನ್ನು ಇಡಲು ಸಾಲುವಷ್ಟಿರಬೇಕು. ಹಣವಿಲ್ಲದವರಿಗೆ ಇಲ್ಲಿರುವ ಬಂಧುವೊಬ್ಬರ ಜಾಮೀನು ಸಾಕು, ಇಲ್ಲದಿದ್ದರೆ ಪ್ರವಾಸವೆಂಬುದು ಶ್ರೀಮಂತರ ಮಕ್ಕಳಿಗೆ ಮಾತ್ರ ಎಂದಾಗುತ್ತದೆ. ಮರಳಿದ ಮೇಲೆ ಇಂತಿಷ್ಟು ದಿನದೊಳಗೆ ಪಾಸ್‌ಪೋರ್ಟನ್ನು ರಿಜಿಸ್ಟ್ರಾರ್‌ಗೆ ಒಪ್ಪಿಸಬೇಕು. ಪ್ರವಾಸದುದ್ದಕ್ಕೂ ದಿನಕ್ಕೊಮ್ಮೆ ವಿಡಿಯೊ ಕರೆ ಇರಬೇಕು, ಅದೂ ಎರಡೂ ದೇಶಗಳ ಗಡಿಯಾರ ನೋಡಿ ಮಗು ಎಚ್ಚರವಿರುವ ಹೊತ್ತಿಗೆ. ಮೇಲೆ ಹೇಳಿದ ತಂದೆಯೊಂದಿಗೆ ಕುಳಿತು ನಾವು ಇಂಥ ಷರತ್ತುಗಳನ್ನು ಅವರ ಬಾಯಿಂದಲೇ ಬರೆಸಿಕೊಂಡೆವು. "ಇಷ್ಟು ಬರೆದ್ರೆ ನನಗೆ ರಾತ್ರಿ ನಿದ್ದೆ ಬರತ್ತೆ" ಎಂದರು. ಎದುರು ಪಕ್ಷದವರು ಒಂದೆರಡನ್ನು ತಿದ್ದಿ ಒಪ್ಪಿದರು, ಪ್ರಕರಣ ಇಬ್ಬರೂ ಸೇರಿ ಸಲ್ಲಿಸಿದ ಜಂಟಿ ಮೆಮೊದಲ್ಲಿ ಮುಗಿಯಿತು. ಕೌಟುಂಬಿಕ ನ್ಯಾಯಾಲಯಗಳ 1984ರ ಕಾಯ್ದೆಯ 9ನೇ ಕಲಂ ರಾಜಿಗೆ ಯತ್ನಿಸುವುದನ್ನು ನ್ಯಾಯಾಲಯದ ಕರ್ತವ್ಯವೆಂದೇ ಹೇಳಿದೆ. ಮದುವೆ ಉಳಿಸುವ ರಾಜಿ ಆಗದಿದ್ದ ಕಡೆಯೂ ಪ್ರವಾಸದ ರಾಜಿ ಸಾಧ್ಯವಿರುತ್ತದೆ.

ಕಾಲದ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ಮಕ್ಕಳಿಗೆ ರಜೆ ಬರುವ ದಿನಗಳಲ್ಲೇ ನ್ಯಾಯಾಲಯಗಳಿಗೂ ಬೇಸಿಗೆ ರಜೆ. ಅನುಮತಿ ನಿರಾಕರಿಸಿದ ಆದೇಶ ಮಧ್ಯಂತರ ಆದೇಶವಾದ್ದರಿಂದ ಅದೇ 1984ರ ಕಾಯ್ದೆಯ 19ನೇ ಕಲಮಿನಡಿ ಮೇಲ್ಮನವಿ ಇಲ್ಲ. ಹೈಕೋರ್ಟಿಗೆ ರಿಟ್ ಅರ್ಜಿಯೇ ಗತಿ. ಹೀಗಾಗಿ ಮಾರ್ಚಿನಲ್ಲಿ ಸಲ್ಲಿಸಿದ ಅರ್ಜಿ ಗೆದ್ದರೂ ಸೋತಂತೆ, ವೀಸಾ ಸಂದರ್ಶನಕ್ಕೇ ದಿನ ಸಿಗುವುದಿಲ್ಲ. ನವೆಂಬರಿನಲ್ಲೇ ಅರ್ಜಿ ಹಾಕಿ ಎಂದು ನಾನು ಬಂದವರಿಗೆಲ್ಲ ಹೇಳುತ್ತೇನೆ. ಆದರೂ ಆ ಅನುಮತಿ ಒಂದು ಪ್ರವಾಸಕ್ಕಷ್ಟೇ. ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಆಕ್ಷೇಪಣೆ, ಮಗು ಮತ್ತೆ ನ್ಯಾಯಾಧೀಶರ ಕೊಠಡಿಗೆ ಬಂದು ಅಪ್ಪ ಅಮ್ಮ ಇಬ್ಬರಿಗೂ ನೋವಾಗದಂತೆ ಉತ್ತರಿಸಲು ಒದ್ದಾಡುವುದು.

ಇದಕ್ಕೆ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ಅದೇ 1890ರ ಕಾಯ್ದೆಯ 26ನೇ ಕಲಮಿನ ಎರಡನೆಯ ಉಪಕಲಂ, ನ್ಯಾಯಾಲಯ ಕೊಡುವ ಅನುಮತಿ ವಿಶೇಷವಾಗಿರಬಹುದು ಅಥವಾ ಸಾಮಾನ್ಯವಾಗಿರಬಹುದು, ಅದರ ಮಿತಿಯನ್ನು ಆದೇಶದಲ್ಲೇ ನಿಗದಿಪಡಿಸಬಹುದು ಎಂದು ಹೇಳುತ್ತದೆ. ಒಮ್ಮೆ ಷರತ್ತಿನಂತೆ ಹೋಗಿ ಷರತ್ತಿನಂತೆಯೇ ಮರಳಿದ ಪಾಲಕರಿಗೆ, ಶಾಲೆಯ ರಜೆಯೊಳಗೆ, ಇಷ್ಟು ದಿನ ಮೀರದಂತೆ, ಇಷ್ಟು ವಾರ ಮುಂಚಿತವಾಗಿ ಇನ್ನೊಬ್ಬರಿಗೆ ಲಿಖಿತ ಸೂಚನೆ ಕೊಟ್ಟು, ಅದೇ ಠೇವಣಿಯ ಮೇಲೆ ಪ್ರತಿವರ್ಷ ಹೋಗಿಬರಲು ಸಾಮಾನ್ಯ ಅನುಮತಿ ನೀಡುವುದಕ್ಕೆ ಈ ಉಪಕಲಂ ಸಾಕು. ಆಕ್ಷೇಪವಿದ್ದವರು ಆ ಸೂಚನೆ ತಲುಪಿದ ಮೇಲೆ ನ್ಯಾಯಾಲಯಕ್ಕೆ ಬರಲಿ. ನಾನು ಈಗ ಸಲ್ಲಿಸುವ ಪ್ರವಾಸದ ಅರ್ಜಿಗಳಲ್ಲೆಲ್ಲ ಕೊನೆಯ ಕೋರಿಕೆಯಾಗಿ ಇದನ್ನು ಸೇರಿಸುತ್ತಿದ್ದೇನೆ, ಎದುರು ಪಕ್ಷದ ಪರ ನಿಂತಾಗ ಇಂಥ ಕೋರಿಕೆ ಬಂದರೆ ಅದನ್ನು ಸಾರಾಸಗಟಾಗಿ ವಿರೋಧಿಸದೆ ದಿನಗಳ ಲೆಕ್ಕ, ಠೇವಣಿಯ ಮೊತ್ತಗಳ ಬಗ್ಗೆ ಮಾತ್ರ ವಾದಿಸೋಣ ಎಂದು ನನ್ನ ಕಕ್ಷಿದಾರರಿಗೂ ಹೇಳುತ್ತಿದ್ದೇನೆ.